ಲಿಯೊ ಬೇಕ್‌ಲ್ಯಾಂಡ್

ಲಿಯೊ ಹೆಂಡ್ರಿಕ್ ಬೇಕ್‌ಲ್ಯಾಂಡ್ (ನವೆಂಬರ್ 14, 1863 – ಫೆಬ್ರವರಿ 23, 1944) ಬೆಲ್ಜಿಯಂನಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ರಸಾಯನವಿಜ್ಞಾನಿ. ಸಂಪೂರ್ಣವಾಗಿ ಸಂಶ್ಲೇಷಿತವಾದ ಮೊದಲ ಪ್ಲಾಸ್ಟಿಕ್ ಎನಿಸಿದ ಬೇಕಲೈಟ್ ಇವರ ಆವಿಷ್ಕಾರ. ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದ ಥರ್ಮೊಸೆಟ್ ಪ್ಲಾಸ್ಟಿಕ್‌ಗಳ ಉದ್ಯಮಕ್ಕೆ ಇದು ನಾಂದಿಯಾಯಿತು.

ಜೀವನ

ಬೇಕ್‌ಲ್ಯಾಂಡ್ ಗೆಂಟ್ ನಗರದ ಬಡ ಕುಟುಂಬದಲ್ಲಿ ಜನಿಸಿದರು. ತಂದೆ ಪಾದರಕ್ಷೆಯ ಕಸುಬಿನವರು. ತಾಯಿ ಮನೆಗೆಲಸ ಮಾಡುತ್ತಿದ್ದವರು. ಗೆಂಟ್ ವಿಶ್ವವಿದ್ಯಾಲಯದಲ್ಲಿ ಓದಿ 21ನೆಯ ವಯಸ್ಸಿಗೇ ಡಾಕ್ಟರೇಟ್ ಪಡೆದರು. 1889ರಲ್ಲಿ ತಮ್ಮ ಪ್ರಾಧ್ಯಾಪಕರ ಪುತ್ರಿ ಸೆಲಿನ್ ಸ್ವಾರ್ಟ್ಸ್‌ರನ್ನು ವಿವಾಹವಾಗಿ ಅದೇ ವರ್ಷ ಅಮೆರಿಕಕ್ಕೆ ತೆರಳಿದರು. ಕೃತಕ ಬೆಳಕಿನಲ್ಲಿಯೇ ಛಾಯಾಚಿತ್ರ ಮುದ್ರಿಸಬಲ್ಲ ವೆಲಾಕ್ಸ್ ಕಾಗದವನ್ನು ರೂಪಿಸಿ, 1899ರಲ್ಲಿ ಅದರ ಹಕ್ಕನ್ನು ಜಾರ್ಜ್ ಈಸ್ಟ್‌ಮನ್‌ರಿಗೆ ಮಾರಿದರು. ಆ ಹಣದಿಂದ ಯಾಂಕರ್ಸ್‌ನ ತಮ್ಮ ಮನೆಯ ಆವರಣದಲ್ಲಿ ಪ್ರಯೋಗಾಲಯ ಸ್ಥಾಪಿಸಿದರು.

ಬೇಕಲೈಟ್

ಆ ಕಾಲದಲ್ಲಿ ವಿದ್ಯುತ್ ನಿರೋಧಕವಾಗಿ ಅರಗನ್ನು ಬಳಸುತ್ತಿದ್ದರು. ಅರಗಿನ ಕೀಟಗಳಿಂದ ದೊರೆಯುವ ಈ ವಸ್ತು ಹೆಚ್ಚಾಗಿ ಭಾರತದಿಂದ ಹೋಗುತ್ತಿತ್ತು. ಬೇಡಿಕೆ ಬೆಳೆದಂತೆ ಬದಲಿ ವಸ್ತುವಿನ ಶೋಧ ಅಗತ್ಯವಾಯಿತು. ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಬೆರೆತರೆ ಅಂಟಾದ ರಾಳ ಉಂಟಾಗುವುದು ಹಿಂದಿನವರಿಗೂ ತಿಳಿದಿತ್ತು. ಆದರೆ ಅದನ್ನು ಉಪಯುಕ್ತಗೊಳಿಸುವ ಬಗೆ ತಿಳಿದಿರಲಿಲ್ಲ. ಬೇಕ್‌ಲ್ಯಾಂಡ್ ಶಾಖ ಮತ್ತು ಒತ್ತಡಗಳನ್ನು ನಿಯಂತ್ರಿಸಿ ಈ ಕ್ರಿಯೆಯನ್ನು ಹತೋಟಿಗೆ ತಂದರು. 1907ರಲ್ಲಿ ಸಲ್ಲಿಸಿದ ಅರ್ಜಿಗೆ 1909ರಲ್ಲಿ ಪೇಟೆಂಟ್ ದೊರೆಯಿತು. ದೂರವಾಣಿ, ರೇಡಿಯೊ, ಸ್ವಿಚ್ಚು, ಪಾತ್ರೆಯ ಹಿಡಿಗಳಲ್ಲಿ ಬೇಕಲೈಟ್ ಬಳಕೆಗೆ ಬಂತು. 1924ರಲ್ಲಿ ಅವರು ಅಮೆರಿಕನ್ ಕೆಮಿಕಲ್ ಸೊಸೈಟಿಯ ಅಧ್ಯಕ್ಷರಾದರು. 1939ರಲ್ಲಿ ಅವರ ಕಂಪನಿ ಯೂನಿಯನ್ ಕಾರ್ಬೈಡ್‌ಗೆ ಸೇರಿತು. ನ್ಯೂಯಾರ್ಕ್ ರಾಜ್ಯದ ಬೀಕನ್‌ನಲ್ಲಿ ನಿಧನರಾದರು.

ಇಂದಿನ ಸಂಶೋಧನೆಯೊಂದಿಗೆ ಸಂಬಂಧ

ಬೇಕಲೈಟ್‌ನ ಅಣುಗಳು ಎಲ್ಲ ದಿಕ್ಕುಗಳಲ್ಲಿಯೂ ಬಲೆಯಂತೆ ಬೆಸೆದಿರುತ್ತವೆ. ಸುಟ್ಟ ಮಡಕೆ ಮತ್ತೆ ಜೇಡಿಮಣ್ಣಾಗದಂತೆ ಇದನ್ನೂ ಕರಗಿಸಿ ಮತ್ತೊಂದು ವಸ್ತುವಾಗಿ ಎರಕ ಹೊಯ್ಯಲಾಗದು. ಅಂದು ಗುಣವಾಗಿದ್ದುದೇ ಇಂದು ತ್ಯಾಜ್ಯದ ಸಮಸ್ಯೆಯಾಗಿದೆ.

ಇದಕ್ಕೆ ಪರಿಹಾರವಾಗಿ ಎರಡು ದಿಕ್ಕುಗಳಲ್ಲಿ ಸಂಶೋಧನೆ ಸಾಗಿದೆ. ಮೊದಲನೆಯದು ಕಚ್ಚಾವಸ್ತುವಿನ ಬದಲಾವಣೆ: ಮರದ ಲಿಗ್ನಿನ್, ಜೋಳದ ದಿಂಡಿನ ಫರ್ಫ್ಯೂರಲ್, ಗೇರುಬೀಜದ ಸಿಪ್ಪೆಯೆಣ್ಣೆಯ ಕಾರ್ಡನಾಲ್ ಇವುಗಳಿಂದ ರಾಳ ತಯಾರಿಸಬಹುದು. ಆದರೆ ಮೂಲ ಸಸ್ಯಜನ್ಯವಾದ ಮಾತ್ರಕ್ಕೆ ಪ್ಲಾಸ್ಟಿಕ್ ಮರುಬಳಕೆಗೆ ಒದಗುವುದಿಲ್ಲ. ಬಂಧಗಳು ಹಳೆಯವೇ ಆದರೆ ಅದೂ ಕರಗದು. ಆದ್ದರಿಂದ ಎರಡನೆಯದು ಬಂಧಗಳ ಬದಲಾವಣೆ. 2011ರಲ್ಲಿ ಫ್ರಾನ್ಸ್‌ನ ವಿಜ್ಞಾನಿಗಳು ಪ್ರಕಟಿಸಿದ ವಿಟ್ರಿಮರ್‌ಗಳಲ್ಲಿ, ಕಾಯಿಸಿದಾಗ ಬಂಧಗಳು ಪರಸ್ಪರ ಸ್ಥಾನ ಬದಲಿಸುವುದರಿಂದ ವಸ್ತುವಿಗೆ ಹೊಸ ಆಕಾರ ಕೊಡಬಹುದು. ಈ ಎರಡನ್ನೂ ಒಂದೇ ವಸ್ತುವಿನಲ್ಲಿ ಕೂಡಿಸುವುದು ಬೇಕ್‌ಲ್ಯಾಂಡ್ ಆರಂಭಿಸಿದ ಕ್ಷೇತ್ರದ ಇಂದಿನ ಪ್ರಮುಖ ಗುರಿಗಳಲ್ಲಿ ಒಂದಾಗಿದೆ.