ಕೆ. ಕೆ. ಹೆಬ್ಬಾರ್

ಕಟ್ಟಿಂಗೇರಿ ಕೃಷ್ಣ ಹೆಬ್ಬಾರ್ (ಜೂನ್ ೧೫, ೧೯೧೧ – ಮಾರ್ಚ್ ೨೬, ೧೯೯೬) ಇಪ್ಪತ್ತನೆಯ ಶತಮಾನದ ಭಾರತೀಯ ಚಿತ್ರಕಲೆಯಲ್ಲಿ ಹೆಸರಾದ ಕನ್ನಡ ನಾಡಿನ ಕಲಾವಿದರು. ವರ್ಣಚಿತ್ರಗಳಷ್ಟೇ ಅವರ ರೇಖಾಚಿತ್ರಗಳೂ ಪ್ರಸಿದ್ಧ. ಕುಣಿಯುವ ದೇಹದ ಲಯವನ್ನು ಗೆರೆಯಲ್ಲಿ ಹಿಡಿಯುವುದು, ಬಣ್ಣವನ್ನು ವಸ್ತುವಿನ ಮೈಬಣ್ಣವಾಗಿ ನೋಡದೆ ಭಾವದ ವಾಹಕವಾಗಿ ಬಳಸುವುದು ಅವರ ಕಲೆಯ ಎರಡು ಮುಖ್ಯ ಗುಣಗಳು.

ಜೀವನ

ಹೆಬ್ಬಾರರು ಹುಟ್ಟಿದ್ದು ಉಡುಪಿ ಸಮೀಪದ ಕಟ್ಟಿಂಗೇರಿ ಗ್ರಾಮದಲ್ಲಿ. ಮನೆಮಾತು ತುಳು. ಚೌತಿಯ ಸಮಯದಲ್ಲಿ ತಂದೆ ಮಣ್ಣಿನ ಗಣಪತಿಯನ್ನು ಮಾಡುತ್ತಿದ್ದರು. ಯಕ್ಷಗಾನ, ಭೂತದ ಕೋಲ, ನಾಗಮಂಡಲಗಳ ಕೆಂಪು, ಹಳದಿ, ಕಪ್ಪುಗಳ ನಡುವೆ ಬೆಳೆದ ಬಾಲಕನಿಗೆ ಬಣ್ಣವೂ ಕುಣಿತವೂ ಬೇರೆ ಬೇರೆಯಾಗಿ ಕಂಡಿರಲಾರವು. ಬಡತನದ ಮನೆಯಿಂದ ಹೊರಟ ಅವರು ಮುಂಬೈ ಸೇರಿ, ಸರ್ ಜೆ. ಜೆ. ಕಲಾಶಾಲೆಯಲ್ಲಿ ಓದಿ ೧೯೩೮ರಲ್ಲಿ ಡಿಪ್ಲೊಮಾ ಪಡೆದರು. ಮುಂದೆ ಅದೇ ಶಾಲೆಯಲ್ಲಿ ಕೆಲವು ವರ್ಷ ಅಧ್ಯಾಪಕರಾಗಿದ್ದರು. ಕೊನೆಯವರೆಗೂ ಮುಂಬೈಯೇ ಅವರ ನೆಲೆಯಾಯಿತು.

ಕಲೆ

ಜೆ. ಜೆ. ಶಾಲೆಯಲ್ಲಿ ಆಗ ಕಲಿಸುತ್ತಿದ್ದುದು ಮುಖ್ಯವಾಗಿ ಪಾಶ್ಚಾತ್ಯ ಮಾದರಿಯ ಯಥಾರ್ಥ ಚಿತ್ರಣ. ಕಂಡದ್ದನ್ನು ಕಂಡಂತೆ ಬರೆಯುವ ಆ ವಿದ್ಯೆ ಹೆಬ್ಬಾರರ ಕೈಗೆ ಬಂದಿತಾದರೂ ಮನಸ್ಸಿಗೆ ಒಪ್ಪಲಿಲ್ಲ. ಅದೇ ಕಾಲದಲ್ಲಿ ಮುಂಬೈಯಲ್ಲಿದ್ದ ಕಲಬುರಗಿಯ ಎಸ್. ಎಂ. ಪಂಡಿತರು ಆ ವಿದ್ಯೆಯನ್ನೇ ಪರಿಪೂರ್ಣಗೊಳಿಸಿ, ಪುರಾಣದ ಚಿತ್ರಗಳಿಂದ ಮನೆಮನೆಯ ಕ್ಯಾಲೆಂಡರುಗಳನ್ನು ತುಂಬಿದರು. ಹೆಬ್ಬಾರರು ಹಿಡಿದದ್ದು ಬೇರೆ ದಾರಿ. ಅಮೃತಾ ಶೇರ್‌ಗಿಲ್ ಮತ್ತು ಫ್ರಾನ್ಸಿನ ಗೊಗ್ಯಾನ್ ಅವರ ಚಿತ್ರಗಳು, ಜೊತೆಗೆ ಜೈನ ಹಸ್ತಪ್ರತಿಗಳ ಮತ್ತು ಅಜಂತೆಯ ಪರಂಪರೆ ಅವರನ್ನು ಸೆಳೆದವು. ಕೇರಳದ ಹಳ್ಳಿಗಳನ್ನು ಸುತ್ತಿ ಬರೆದ ಆರಂಭದ ಚಿತ್ರಗಳಲ್ಲಿ ಸಪಾಟಾದ ಗಾಢ ಬಣ್ಣಗಳೂ ಸರಳ ಆಕಾರಗಳೂ ಕಾಣುತ್ತವೆ.

೧೯೪೯ರಲ್ಲಿ ಪ್ಯಾರಿಸ್ಸಿಗೆ ತೆರಳಿ ಅಕಾದೆಮಿ ಜೂಲಿಯಾಂನಲ್ಲಿ ಅಭ್ಯಾಸ ಮಾಡಿದರು. ಯುರೋಪಿನಲ್ಲಿ ಅಮೂರ್ತ ಕಲೆ ಪ್ರಬಲವಾಗಿದ್ದ ಕಾಲವದು. ಹಿಂದಿರುಗಿದ ಅನೇಕರಂತೆ ಅವರ ಮುಂದೆಯೂ ಒಂದು ಪ್ರಶ್ನೆ ನಿಂತಿತು: ಆಕಾರವನ್ನು ಪೂರ್ತಿ ಬಿಟ್ಟುಬಿಡಬೇಕೆ? ಹೆಬ್ಬಾರರು ಬಿಡಲಿಲ್ಲ, ಆದರೆ ಅದಕ್ಕೆ ಕಟ್ಟುಬೀಳಲೂ ಇಲ್ಲ. ಹಸಿವು, ದುಡಿಮೆ, ಹಬ್ಬ, ಕೋಳಿ ಅಂಕ ಇಂಥ ವಿಷಯಗಳಲ್ಲಿ ಮನುಷ್ಯಾಕೃತಿ ಉಳಿದುಕೊಂಡಿತು. ದಪ್ಪನಾಗಿ ಲೇಪಿಸಿದ ಬಣ್ಣದ ಪದರುಗಳಲ್ಲಿ ಅದು ಅರ್ಧ ಮುಳುಗಿ ಅರ್ಧ ಮೇಲೆದ್ದಂತೆ ತೋರುತ್ತದೆ. ನಂತರದ ವರ್ಷಗಳಲ್ಲಿ ಸೂರ್ಯ, ಚಂದ್ರ, ಸಮುದ್ರಗಳನ್ನು ವಸ್ತುವಾಗಿಸಿಕೊಂಡಾಗ ಅವರು ಅಮೂರ್ತಕ್ಕೆ ಬಹಳ ಹತ್ತಿರ ಬಂದರು. ಈ ಚಿತ್ರಗಳನ್ನು ಮುದ್ರಿತ ಪ್ರತಿಯಲ್ಲಿ ನೋಡಿ ಅಳೆಯುವುದು ಕಷ್ಟ. ಬಣ್ಣದ ಮೈಯ ಉಬ್ಬುತಗ್ಗು ಕಾಗದದ ಮೇಲೆ ಕಾಣುವುದಿಲ್ಲ.

ಲಯವನ್ನು ಹೊರಗಿನಿಂದ ನೋಡಿ ಬರೆದರೆ ಸಾಲದು, ಮೈಯಲ್ಲಿ ಅರಿಯಬೇಕು ಎಂಬುದು ಅವರ ನಿಲುವಾಗಿತ್ತು. ಅದಕ್ಕಾಗಿ ಪಂಡಿತ ಸುಂದರ ಪ್ರಸಾದರ ಬಳಿ ಸುಮಾರು ಎರಡು ವರ್ಷ ಕಥಕ್ ನೃತ್ಯವನ್ನು ಕಲಿತರು. ವೇದಿಕೆ ಏರುವ ಉದ್ದೇಶ ಅವರದಾಗಿರಲಿಲ್ಲ. ಈ ಕಲಿಕೆಯ ಫಲ ರೇಖಾಚಿತ್ರಗಳಲ್ಲಿ ಸ್ಪಷ್ಟ. ನರ್ತಕಿಯ ತೋಳು, ನಡು, ಹೆಜ್ಜೆಗಳು ಕೆಲವೇ ಗೆರೆಗಳಲ್ಲಿ, ಕೆಲವೊಮ್ಮೆ ಲೇಖನಿ ಎತ್ತದೆ ಎಳೆದಂತಹ ಒಂದೇ ಗೆರೆಯಲ್ಲಿ ಮೂಡುತ್ತವೆ. ತಿದ್ದುವುದಕ್ಕೆ ಅಲ್ಲಿ ಅವಕಾಶವೇ ಇಲ್ಲ. ೧೯೬೪ರಲ್ಲಿ ಇಂಥ ಚಿತ್ರಗಳ ಸಂಕಲನ ‘ದಿ ಸಿಂಗಿಂಗ್ ಲೈನ್’ ಪ್ರಕಟವಾಯಿತು.

ದೇಹದ ಚಲನೆಯನ್ನೇ ಚಿತ್ರವಾಗಿಸುವ ಹಂಬಲ ಆ ದಶಕಗಳಲ್ಲಿ ಬೇರೆಡೆಯೂ ಇತ್ತು. ಜಪಾನಿನಲ್ಲಿ ೧೯೫೪ರಲ್ಲಿ ಆರಂಭವಾದ ಗುಟಾಯ್ ಬಳಗದ ಕಜುವೊ ಶಿರಾಗ ಅವರು ಹಗ್ಗ ಹಿಡಿದು ತೂಗುತ್ತ, ನೆಲದ ಮೇಲೆ ಹಾಸಿದ ಚಿತ್ರಪಟದಲ್ಲಿ ಪಾದಗಳಿಂದಲೇ ಬಣ್ಣವನ್ನು ಹರಡುತ್ತಿದ್ದರು. ಅಲ್ಲಿ ಉಳಿಯುವುದು ಚಲನೆಯ ಗುರುತು ಮಾತ್ರ, ಅದರ ರಭಸವೂ ದೊಡ್ಡದು. ಹೆಬ್ಬಾರರಲ್ಲಿ ಚಲನೆ ತಾಳಕ್ಕೆ ಒಳಪಟ್ಟದ್ದು, ಕುಣಿಯುವ ವ್ಯಕ್ತಿಯೂ ಅದರೊಳಗೆ ಉಳಿಯುತ್ತಾಳೆ. ಇವೆರಡನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಕಲಾ ವಿದ್ಯಾರ್ಥಿಗಳಿಗೆ ಉಪಯುಕ್ತ.

ಗೌರವಗಳು

ಭಾರತ ಸರ್ಕಾರವು ೧೯೬೧ರಲ್ಲಿ ಪದ್ಮಶ್ರೀ, ೧೯೮೯ರಲ್ಲಿ ಪದ್ಮಭೂಷಣ ಪ್ರಶಸ್ತಿಗಳನ್ನು ನೀಡಿತು. ಕೇಂದ್ರ ಲಲಿತಕಲಾ ಅಕಾಡೆಮಿಯ ಫೆಲೋ ಆಗಿಯೂ ಆಯ್ಕೆಯಾಗಿದ್ದರು. ಮಗಳು ರೇಖಾ ರಾವ್ ಅವರೂ ಚಿತ್ರಕಲಾವಿದೆ. ಹೆಬ್ಬಾರರು ತಮ್ಮ ಹಲವು ಕೃತಿಗಳನ್ನು ಕರ್ನಾಟಕಕ್ಕೆ ಕೊಟ್ಟಿದ್ದು, ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯಲ್ಲಿ ಅವುಗಳಿಗೆ ಪ್ರತ್ಯೇಕ ವಿಭಾಗವಿದೆ.