ಡಾ. ಎಡ್ವರ್ಡ್ ಲಾರಿ

ಇಂದಿನ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಚಿಂಚೋಳಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಹೈದರಾಬಾದಿನ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದವು. ಮುಂಬಯಿಯಿಂದ ಹೊರಟವರು ಶಹಾಬಾದವನ್ನು ದಾಟಿ ವಾಡಿಯನ್ನು ತಲುಪಿ, 1874ರಲ್ಲಿ ತೆರೆದ ರೈಲುದಾರಿಯಲ್ಲಿ ಚಿತ್ತಾಪುರ, ಸೇಡಂಗಳ ಮೂಲಕ ರಾಜಧಾನಿಯನ್ನು ಸೇರುತ್ತಿದ್ದರು. ಆ ರಾಜಧಾನಿಯ ವೈದ್ಯಶಾಲೆಯ ಮುಖ್ಯಸ್ಥರಾಗಿದ್ದವರು ಡಾ. ಎಡ್ವರ್ಡ್ ಲಾರಿ.

1846ರಲ್ಲಿ ಜನಿಸಿದ ಲಾರಿಯವರು ಎಡಿನ್‌ಬರೋದಲ್ಲಿ ಪ್ರಸಿದ್ಧ ಶಸ್ತ್ರವೈದ್ಯ ಸೈಮ್ ಅವರ ಶಿಷ್ಯರಾಗಿದ್ದರು. ಶಸ್ತ್ರಕ್ರಿಯೆಯ ನೋವನ್ನು ಮರೆಸುವ ಕ್ಲೋರೋಫಾರಂ 1847ರಲ್ಲಿ ಬಳಕೆಗೆ ಬಂದಿತು. ಮರುವರ್ಷವೇ ಇಂಗ್ಲೆಂಡಿನಲ್ಲಿ ಹದಿನೈದು ವರ್ಷದ ಬಾಲಕಿಯೊಬ್ಬಳು ಅದರಿಂದ ಅಸುನೀಗಿದಳು. ಅಂದಿನಿಂದ ವೈದ್ಯಲೋಕದಲ್ಲಿ ವಾದವೆದ್ದಿತು. ಮೊದಲು ನಿಲ್ಲುವುದು ಹೃದಯವೋ, ಉಸಿರೋ? ಲಂಡನ್ನಿನ ವೈದ್ಯರು ನಾಡಿಯ ಮೇಲೆ ಬೆರಳಿಟ್ಟು ಕಾಯುತ್ತಿದ್ದರು. ಸೈಮ್ ಅವರ ಶಿಷ್ಯರು ಉಸಿರನ್ನೇ ನೋಡುತ್ತಿದ್ದರು.

ನಾಡಿಯನ್ನು ಎಣಿಸಿದ ಮಾತ್ರಕ್ಕೆ ರಕ್ತದ ಒತ್ತಡ ತಿಳಿಯುವುದಿಲ್ಲ. ಹೃದಯದ ಪ್ರತಿ ಬಡಿತಕ್ಕೂ ರಕ್ತನಾಳದಲ್ಲಿ ಏಳುವ ಅಲೆಯೇ ನಾಡಿ. ರಕ್ತವು ನಾಳದ ಗೋಡೆಯನ್ನು ಒತ್ತುವ ಬಲವೇ ಒತ್ತಡ. ಒತ್ತಡ ಕುಸಿಯುತ್ತಿರುವಾಗಲೂ ನಾಡಿ ಬೇಗ ಬೇಗನೆ ಬಡಿಯುತ್ತಿರಬಹುದು. ಆದುದರಿಂದ ಈ ವಾದವನ್ನು ಬಗೆಹರಿಸಲು ಬೆರಳು ಸಾಲದು, ಯಂತ್ರವೇ ಬೇಕಾಗಿತ್ತು.

1888ರಲ್ಲಿ ಲಾರಿಯವರು ಮೊದಲ ಕ್ಲೋರೋಫಾರಂ ಆಯೋಗವನ್ನು ನಡೆಸಿದರು. ಅದರ ನಿರ್ಣಯವನ್ನು ಲಂಡನ್ನಿನ ವೈದ್ಯಪತ್ರಿಕೆ ಲ್ಯಾನ್ಸೆಟ್ ಒಪ್ಪಲಿಲ್ಲ. ನಿಜಾಮ ಮೀರ್ ಮಹಬೂಬ್ ಅಲಿ ಖಾನರು ಸಾವಿರ ಪೌಂಡು ಕೊಟ್ಟರು. 1889ರಲ್ಲಿ ಲಾಡರ್ ಬ್ರಂಟನ್ ಎಂಬ ವಿದ್ವಾಂಸರು ಲಂಡನ್ನಿನಿಂದ ಬಂದರು. ನಾಯಿ ಕೋತಿಗಳ ರಕ್ತನಾಳಗಳಿಗೆ ಪಾದರಸದ ಕೊಳವೆಯನ್ನು ಜೋಡಿಸಿ, ತಿರುಗುವ ಉರುಳೆಯ ಮೇಲೆ ಒತ್ತಡದ ಏರಿಳಿತವನ್ನು ಗೆರೆಯಾಗಿ ಬರೆಯಿಸಿದರು. ಪ್ರಯೋಗಗಳು ನಾನೂರನ್ನು ಮೀರಿದವು. ಮೂಕಪ್ರಾಣಿಗಳು ತೆತ್ತ ಬೆಲೆ ಸಣ್ಣದಲ್ಲ. ಒತ್ತಡದ ಗೆರೆ ಮೆಲ್ಲಮೆಲ್ಲನೆ ಇಳಿಯಿತು. ಉಸಿರು ನಿಂತ ಬಳಿಕವೂ ಹೃದಯ ಕೊಂಚ ಹೊತ್ತು ಬಡಿಯಿತು. ಬ್ರಂಟನ್ನರೂ ಒಪ್ಪಿದರು.

ಉಸಿರನ್ನು ಎಚ್ಚರದಿಂದ ಕಾಯುವ ಈ ಪದ್ಧತಿಯನ್ನು ಲಾರಿಯವರು ತಮ್ಮ ವಿದ್ಯಾರ್ಥಿಗಳಿಗೆ ಕಲಿಸಿದರು. ರೂಪಾಬಾಯಿ ಫರ್ದೂನ್‌ಜಿ ಎಂಬ ಶಿಷ್ಯೆ ಕ್ಲೋರೋಫಾರಂ ಕೊಡುವುದರಲ್ಲಿ ಹೆಸರಾದರು. ಆದರೆ ಒತ್ತಡದ ಇಳಿತದಿಂದ ಅಪಾಯವಿಲ್ಲವೆಂದು ಲಾರಿಯವರು ಹಟಹಿಡಿದುದು ಸರಿಯಾಗಿರಲಿಲ್ಲ. ಕ್ಲೋರೋಫಾರಂ ಹೃದಯವನ್ನೇ ದುರ್ಬಲಗೊಳಿಸುವುದೆಂದು 1893ರಲ್ಲಿ ಗ್ಯಾಸ್ಕೆಲ್ ಮತ್ತು ಶೋರ್ ತೋರಿಸಿದರು. ಮತ್ತು ಪೂರ್ಣವಾಗಿ ಏರದಿರುವಾಗಲೇ ಹೃದಯ ಲಯಗೆಟ್ಟು ಥಟ್ಟನೆ ನಿಲ್ಲಬಹುದೆಂಬುದನ್ನು 1911ರಲ್ಲಿ ಲೆವಿ ಎಂಬವರು ಬೆಕ್ಕುಗಳ ಮೇಲಿನ ಪ್ರಯೋಗಗಳಿಂದ ಸಿದ್ಧಪಡಿಸಿದರು. ಅದಾದ ನಾಲ್ಕು ವರ್ಷಗಳಿಗೆ, 1915ರಲ್ಲಿ, ಲಾರಿಯವರು ನಿಧನರಾದರು.