ಪದಕ ತಂದ ಪೈಲ್ವಾನ, ಪಿಂಚಣಿಗೆ ಹೋರಾಡಿದ ಪೊಲೀಸ್

ಬೀಚುಪಲ್ಲಿಯಲ್ಲಿ ಆಂಜನೇಯನ ಗುಡಿಯ ಪಕ್ಕ ಹರಿಯುವ ಕೃಷ್ಣಾ ನದಿ, ಮೇಲೆ ಮಹಾರಾಷ್ಟ್ರದಲ್ಲಿ ಕರಾಡ ಊರನ್ನು ದಾಟಿ ಬರುತ್ತದೆ. ಆ ಊರಿಗೆ ಹತ್ತಿರದ ಗೋಳೇಶ್ವರ ಎಂಬ ಹಳ್ಳಿಯಲ್ಲಿ 1926ರ ಜನವರಿ 15ರಂದು ಹುಟ್ಟಿದವರು ಖಾಶಾಬಾ ದಾದಾಸಾಹೇಬ್ ಜಾಧವ್. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸ್‌ನಲ್ಲಿ ಮೊದಲ ವೈಯಕ್ತಿಕ ಪದಕ ತಂದುಕೊಟ್ಟ ಕುಸ್ತಿಪಟು.

ತಂದೆಯೂ ಪೈಲ್ವಾನರು. ಐವರು ಗಂಡುಮಕ್ಕಳಲ್ಲಿ ಖಾಶಾಬಾ ಕೊನೆಯವರು. ಆಳು ಕುಳ್ಳ, ಆದರೆ ಪಟ್ಟು ಬಲು ಚುರುಕು. 1948ರಲ್ಲಿ ಕೊಲ್ಹಾಪುರದ ಮಹಾರಾಜರು ಖರ್ಚು ಕೊಟ್ಟು ಲಂಡನ್ ಒಲಿಂಪಿಕ್ಸ್‌ಗೆ ಕಳಿಸಿದರು. ಮಣ್ಣಿನ ಗರಡಿಯಲ್ಲಿ ಬೆಳೆದವರಿಗೆ ಅಲ್ಲಿನ ಮ್ಯಾಟ್ ಹೊಸದು, ನಿಯಮವೂ ಹೊಸದು. ಆದರೂ ಆರನೇ ಸ್ಥಾನ ಗಳಿಸಿದರು.

1952ರ ಹೆಲ್ಸಿಂಕಿ ಒಲಿಂಪಿಕ್ಸ್ ಬಂದಾಗ ಆಯ್ಕೆಯಲ್ಲೇ ಅವರನ್ನು ಕೈಬಿಡಲಾಯಿತು. ಅವರು ಸುಮ್ಮನಿರಲಿಲ್ಲ. ಪಟಿಯಾಲಾ ಮಹಾರಾಜರ ಬಳಿ ದೂರಿಟ್ಟು, ಮತ್ತೆ ಸ್ಪರ್ಧೆ ಏರ್ಪಡಿಸಿಕೊಂಡು ಗೆದ್ದರು. ಆಮೇಲೆ ಹಣದ ಪ್ರಶ್ನೆ. ಊರಿನವರು ಚಂದಾ ಎತ್ತಿದರು. ಅದೂ ಸಾಲದಾದಾಗ, ಅವರು ಓದಿದ್ದ ಕೊಲ್ಹಾಪುರದ ರಾಜಾರಾಮ್ ಕಾಲೇಜಿನ ಪ್ರಾಂಶುಪಾಲ ಖರ್ಡೇಕರ್ ತಮ್ಮ ಮನೆಯನ್ನು ಅಡವಿಟ್ಟು 7,000 ರೂಪಾಯಿ ಕೊಟ್ಟರು. ಶಿಷ್ಯನ ಮೇಲೆ ಗುರುಗಳಿಗಿದ್ದ ನಂಬಿಕೆ ದೊಡ್ಡದು.

ಹೆಲ್ಸಿಂಕಿಯಲ್ಲಿ ಜಪಾನಿನ ಶೋಹಾಚಿ ಇಶಿಯಿ ಜೊತೆ ದೀರ್ಘ ಕುಸ್ತಿ ನಡೆದು, ಅಲ್ಪ ಅಂತರದಲ್ಲಿ ಸೋತರು. ನಿಯಮದ ಪ್ರಕಾರ ನಡುವೆ ಅರ್ಧ ಗಂಟೆ ವಿಶ್ರಾಂತಿ ಸಿಗಬೇಕಿತ್ತು. ಆದರೆ ಕೂಡಲೇ ಸೋವಿಯತ್ ಒಕ್ಕೂಟದ ರಶೀದ್ ಮಮದ್‌ಬೆಕೋವ್ ಎದುರು ಇಳಿಯಬೇಕಾಯಿತು. ಆಕ್ಷೇಪ ಎತ್ತಲು ಭಾರತದ ಒಬ್ಬ ಅಧಿಕಾರಿಯೂ ಅಲ್ಲಿರಲಿಲ್ಲ. ದಣಿದ ದೇಹ ಸೋತಿತು. ಇಶಿಯಿಗೆ ಚಿನ್ನ, ಮಮದ್‌ಬೆಕೋವ್‌ಗೆ ಬೆಳ್ಳಿ, ಜಾಧವ್‌ಗೆ ಕಂಚು. ಈ ದೇಶಕ್ಕೆ ಮುಂದಿನ ವೈಯಕ್ತಿಕ ಪದಕ ಸಿಕ್ಕಿದ್ದು 44 ವರ್ಷಗಳ ನಂತರ, 1996ರಲ್ಲಿ, ಟೆನಿಸ್‌ನ ಲಿಯಾಂಡರ್ ಪೇಸ್ ಅವರಿಂದ.

ಕರಾಡದಲ್ಲಿ 151 ಎತ್ತಿನ ಬಂಡಿಗಳ ಮೆರವಣಿಗೆ ನಡೆಯಿತು. ಮೆರವಣಿಗೆ ಮುಗಿದ ಮೇಲೆ ಜಾಧವ್ ಕೊಲ್ಹಾಪುರದಲ್ಲಿ ಕುಸ್ತಿ ಪಂದ್ಯ ಏರ್ಪಡಿಸಿ, ತಾವೇ ಕಣಕ್ಕಿಳಿದು ಗೆದ್ದು, ಆ ಹಣದಿಂದ ಖರ್ಡೇಕರರ ಮನೆ ಬಿಡಿಸಿಕೊಟ್ಟರು. ಪದಕಕ್ಕಿಂತ ಇದೇ ದೊಡ್ಡ ಗೆಲುವೆಂದರೆ ತಪ್ಪಾಗದು.

ಸರ್ಕಾರದಿಂದ ಕೆಲಸ ಸಿಕ್ಕಿದ್ದು 1955ರಲ್ಲಿ, ಮುಂಬಯಿ ಪೊಲೀಸ್ ಇಲಾಖೆಯ ಸಬ್ ಇನ್‌ಸ್ಪೆಕ್ಟರ್ ಆಗಿ. ಮೊಣಕಾಲಿನ ಗಾಯದಿಂದಾಗಿ 1956ರ ಒಲಿಂಪಿಕ್ಸ್ ತಪ್ಪಿತು. ವರ್ಷಗಟ್ಟಲೆ ಬಡ್ತಿಯಿಲ್ಲದೆ ದುಡಿದು, ನಿವೃತ್ತಿಯ ಹೊಸ್ತಿಲಲ್ಲಿ ಸಹಾಯಕ ಪೊಲೀಸ್ ಆಯುಕ್ತರಾದರು. ಪಿಂಚಣಿಗೂ ಹೋರಾಡಬೇಕಾಯಿತು. ಕಾಲ ಬದಲಾಗಿದೆ ನಿಜ: 2022ರಲ್ಲಿ ವಿಶ್ವ ಬಾಕ್ಸಿಂಗ್ ಚಾಂಪಿಯನ್ ಆದ ನಿಜಾಮಾಬಾದಿನ ನಿಖತ್ ಜರೀನ್‌ಗೆ ತೆಲಂಗಾಣ ಸರ್ಕಾರ 2 ಕೋಟಿ ರೂಪಾಯಿ ಕೊಟ್ಟಿತು, 2024ರಲ್ಲಿ ಡಿಎಸ್‌ಪಿ ಹುದ್ದೆ ನೀಡಿತು. ಜಾಧವ್ ಕಾಲದ ಹವ್ಯಾಸಿ ಪಟುವಿಗೆ ಚಪ್ಪಾಳೆಯೇ ಸಂಬಳ.

1984ರ ಆಗಸ್ಟ್ 14ರಂದು ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದದ್ದು ಅದಾಗಿ ಒಂದೂವರೆ ದಶಕ ಕಳೆದ ಮೇಲೆ. 2010ರಲ್ಲಿ ದೆಹಲಿಯ ಇಂದಿರಾ ಗಾಂಧಿ ಕ್ರೀಡಾ ಸಂಕೀರ್ಣದ ಕುಸ್ತಿ ಸಭಾಂಗಣಕ್ಕೆ ಅವರ ಹೆಸರಿಟ್ಟರು.